ರನ್ ಬಿಡಿ, ಔಟ್ ಎಣಿಸಿ

ಬೇಸ್‌ಬಾಲ್ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ ಮೂರು ರನ್ ಹಿಂದಿದ್ದ ತಂಡದ ಪುಟಕ್ಕೆ ಅಡ್ಡಗೆರೆ ಎಳೆದು ಸ್ನಾನಕ್ಕೆ ಹೋದೆ, ಬಂದು ನೋಡಿದರೆ ಅವರೇ ಗೆದ್ದಿದ್ದಾರೆ, ಈಗ ಸ್ಕೋರ್‌ಬುಕ್ ಏನು ಮಾಡಲಿ ಅಂತ ಕೇಳಿದ್ದೀರಿ. ರೀಪ್ಲೇ ಹಾಕಿಕೊಂಡು ಮೊದಲಿಂದ ಬರೆಯಿರಿ, ಬೇರೆ ದಾರಿ ಇಲ್ಲ. ಕ್ರಿಕೆಟ್ ನೋಡಿ ಬೆಳೆದವರೆಲ್ಲ ಹೀಗೇ ಬೇಗ ಅಡ್ಡಗೆರೆ ಎಳೆಯುತ್ತೇವೆ, ನಾನೂ ಸೇರಿ. ಇಲ್ಲಿ ರಿಕ್ವೈರ್ಡ್ ರೇಟ್ ಇಲ್ಲ ಸ್ವಾಮಿ, ಓವರ್ ಮುಗಿಯುವ ಮಾತೂ ಇಲ್ಲ; ಪ್ರತಿ ಇನ್ನಿಂಗ್ಸ್‌ನಲ್ಲಿ ತಂಡಕ್ಕೆ ಮೂರು ಔಟ್, ಕೊನೆಯ ಔಟ್ ತನಕ ಆಟ ಜೀವಂತ.

ಏಳನೇ ಇನ್ನಿಂಗ್ಸ್ ಆದ ಮೇಲೆ ನಾನು ರನ್ ಕಾಲಂ ಕಡೆ ನೋಡುವುದೇ ಇಲ್ಲ. ಅಂಚಿನಲ್ಲಿ ಎರಡೇ ಬರೆಯುತ್ತೇನೆ: ಉಳಿದ ಔಟ್ ಎಷ್ಟು, ಮುಂದಿನ ಬ್ಯಾಟರ್‌ಗಳು ಯಾರು. 2011ರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಫೈನಲ್, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್) ಆರನೇ ಪಂದ್ಯವನ್ನು ಹೀಗೆ ಬರೆದು ನೋಡಿ. ಅಕ್ಟೋಬರ್ 27, ಸೇಂಟ್ ಲೂಯಿಸ್. ಟೆಕ್ಸಸ್ ರೇಂಜರ್ಸ್ ತಂಡ ಆ ಊರಿನ ಕಾರ್ಡಿನಲ್ಸ್‌ಗಿಂತ ಸೀರೀಸ್‌ನಲ್ಲಿ 3-2 ಮುಂದೆ, ಪಂದ್ಯದಲ್ಲಿ 7-4 ಮುಂದೆ. ಎಂಟರಲ್ಲಿ ಕಾರ್ಡಿನಲ್ಸ್‌ನ ಅಲೆನ್ ಕ್ರೇಗ್ ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ ಗೋಡೆ ಆಚೆ ಹೊಡೆತ), 7-5. ಒಂಬತ್ತರ ಕೊನೆ ಅರ್ಧದಲ್ಲಿ ರೇಂಜರ್ಸ್‌ನ ಕ್ಲೋಸರ್ (ಪಂದ್ಯ ಮುಗಿಸಲು ಬರುವ ಪಿಚರ್, ಅಂದರೆ ಚೆಂಡು ಎಸೆಯುವವನು) ಫೆಲಿಜ್ ಬಂದು ಕಾರ್ಡಿನಲ್ಸ್‌ನ ಥೆರಿಯೊನನ್ನು ಔಟ್ ಮಾಡಿದ. ರನ್ ಕಾಲಂ ನೋಡಿದರೆ ಕಥೆ ಮುಗಿಯಿತು ಅನ್ನಿಸುತ್ತೆ. ನನ್ನ ಅಂಚು ಏನು ಹೇಳುತ್ತೆ? ಎರಡು ಔಟ್ ಬಾಕಿ. ಪೂಹೋಲ್ಸ್, ಬರ್ಕ್‌ಮನ್, ಆಗಷ್ಟೇ ಹೋಮ್ ರನ್ ಹೊಡೆದ ಕ್ರೇಗ್, ಫ್ರೀಸ್. ಇಷ್ಟು ಜನ ಸಾಲಾಗಿ ಬರುವಾಗ ಟಿವಿ ಆಫ್ ಮಾಡುವವರಿಗೆ ಏನು ಹೇಳಬೇಕೋ!

ಪೂಹೋಲ್ಸ್ ಡಬಲ್ (ಒಂದೇ ಹೊಡೆತಕ್ಕೆ ಎರಡನೇ ಬೇಸ್), ಬರ್ಕ್‌ಮನ್ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸುಮ್ಮನೆ ಫಸ್ಟ್ ಬೇಸ್). ಕ್ರೇಗ್ ಮೂರನೇ ಸ್ಟ್ರೈಕ್‌ಗೆ ಬ್ಯಾಟ್ ಬೀಸದೆ ನೋಡುತ್ತಾ ನಿಂತೇ ಔಟ್, ಅದಕ್ಕೆ ಸ್ಕೋರ್‌ಬುಕ್‌ನಲ್ಲಿ ತಿರುಗಿಸಿದ ಕೆ (K, ಸ್ಟ್ರೈಕ್ ಔಟ್ ಗುರುತು) ಹಾಕಬೇಕು (ನಿಮ್ಮ ಪುಟದಲ್ಲಿ ಎಲ್ಲಾ ಕೆ ನೇರವಾಗೇ ಇವೆ, ತಿದ್ದಿಕೊಳ್ಳಿ). ಫ್ರೀಸ್‌ಗೆ ಎರಡು ಸ್ಟ್ರೈಕ್, ಇನ್ನೊಂದಾದರೆ ಎಲ್ಲಾ ಮುಗಿಯಿತು. ಸಮ ಮಾಡುವ ರನ್ನರ್ ಫಸ್ಟ್ ಬೇಸ್‌ನಲ್ಲಿದ್ದಾಗ ರೈಟ್ ಫೀಲ್ಡರ್ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಲ್ವಾ? ರೇಂಜರ್ಸ್‌ನ ಕ್ರೂಜ್ ಅಷ್ಟು ಹಿಂದೆ ಇರಲಿಲ್ಲ. ಚೆಂಡು ಅವನ ತಲೆ ಮೇಲೆ ಹೋಯಿತು, ಟ್ರಿಪಲ್ (ಒಂದೇ ಹೊಡೆತಕ್ಕೆ ಮೂರನೇ ಬೇಸ್), ಇಬ್ಬರು ರನ್ನರ್‌ಗಳೂ ಬಂದು 7-7. ಅದಕ್ಕೇ ಕೊನೆಯ ಇನ್ನಿಂಗ್ಸ್‌ಗಳಲ್ಲಿ ಪಿಚರ್‌ನನ್ನಷ್ಟೇ ನೋಡಬೇಡಿ, ಔಟ್‌ಫೀಲ್ಡ್ ತೋರಿಸಿದಾಗ ಎಲ್ಲಿ ನಿಂತಿದ್ದಾರೆ ಗಮನಿಸಿ.

ಹತ್ತರಲ್ಲಿ ರೇಂಜರ್ಸ್‌ನ ಹ್ಯಾಮಿಲ್ಟನ್ ಎರಡು ರನ್ನಿನ ಹೋಮ್ ರನ್, 9-7. ಮತ್ತೆ ಆಫ್ ಮಾಡಿದವರು ಮತ್ತೆ ಕೆಟ್ಟರು. ಕಾರ್ಡಿನಲ್ಸ್‌ನ ಡೆಸ್ಕಾಲ್ಸೊ, ಜೇ ಇಬ್ಬರದೂ ಸಿಂಗಲ್, ಪಿಚರ್ ಲೋಸ್‌ನನ್ನು ಬ್ಯಾಟಿಂಗ್‌ಗೆ ಕಳಿಸಿ ಬಂಟ್ (ರನ್ನರ್‌ಗಳು ಮುಂದೆ ಸಾಗಲಿ ಅಂತ ಚೆಂಡನ್ನು ಮೆಲ್ಲಗೆ ತಟ್ಟುವುದು), ಥೆರಿಯೊ ಗ್ರೌಂಡ್ ಔಟ್‌ಗೆ ಒಂದು ರನ್. ಪೂಹೋಲ್ಸ್‌ಗೆ ಬೇಕೆಂದೇ ವಾಕ್ ಕೊಟ್ಟರು. ಬರ್ಕ್‌ಮನ್ ಮತ್ತೆ ಎರಡು ಸ್ಟ್ರೈಕ್ ಆದ ಮೇಲೆ ಸಿಂಗಲ್, 9-9. ಹನ್ನೊಂದರಲ್ಲಿ ಮೊದಲು ಬಂದ ಫ್ರೀಸ್ ಸೆಂಟರ್ ಫೀಲ್ಡ್ ಆಚೆ ಹೊಡೆದ, 10-9. ಐದನೇ ಇನ್ನಿಂಗ್ಸ್‌ನಲ್ಲಿ ಸುಲಭದ ಪಾಪ್ ಅಪ್ (ಮೇಲಕ್ಕೆ ಹೋದ ಕ್ಯಾಚ್) ಬಿಟ್ಟು ಇ5 (ಥರ್ಡ್ ಬೇಸ್ ಫೀಲ್ಡರ್‌ನ ತಪ್ಪು) ಬರೆಸಿಕೊಂಡವನೂ ಇವನೇ! ಮರುದಿನ ಏಳನೇ ಪಂದ್ಯವನ್ನೂ ಕಾರ್ಡಿನಲ್ಸ್ 6-2ಕ್ಕೆ ಗೆದ್ದರು. ರೇಂಜರ್ಸ್ ಮೊದಲ ಕಪ್‌ಗೆ 2023ರ ತನಕ ಕಾದರು.

ಆದರೆ ಹಳೇ ಪಂದ್ಯ ನೋಡಿ ಎಲ್ಲವನ್ನೂ ಈಗಿನದಕ್ಕೆ ಅನ್ವಯಿಸಬೇಡಿ. 2022ರಿಂದ ಕಾರ್ಡಿನಲ್ಸ್ ಆಡುವ ನ್ಯಾಷನಲ್ ಲೀಗ್‌ನಲ್ಲೂ ಡಿಎಚ್ (ಪಿಚರ್ ಬದಲು ಬ್ಯಾಟ್ ಮಾಡುವವನು) ಇದೆ, ಪಿಚರ್ ಬಂಟ್ ಮಾಡುವುದು ಹೆಚ್ಚುಕಡಿಮೆ ಮುಗಿದ ಕಥೆ. ರೆಗ್ಯುಲರ್ ಸೀಸನ್‌ನಲ್ಲಿ ಹತ್ತನೇ ಇನ್ನಿಂಗ್ಸ್ ಸೆಕೆಂಡ್ ಬೇಸ್‌ನಲ್ಲಿ ರನ್ನರ್ ಇಟ್ಟುಕೊಂಡೇ ಶುರು, ಪೋಸ್ಟ್ ಸೀಸನ್‌ನಲ್ಲಿ (ವರ್ಲ್ಡ್ ಸೀರೀಸ್ ಸೇರಿದ ಕೊನೆಯ ಹಂತ) ಹಾಗಿಲ್ಲ. ರಿಲೀವರ್ (ಬದಲಿ ಪಿಚರ್) ಬಂದರೆ ಮೂವರು ಬ್ಯಾಟರ್‌ಗಳಿಗಾದರೂ ಎಸೆಯಬೇಕು, ಅಥವಾ ಇನ್ನಿಂಗ್ಸ್ ಮುಗಿಸಬೇಕು. ಅಂದರೆ ಆಗಷ್ಟೇ ಬಂದವನು ಸಿಕ್ಕಾಪಟ್ಟೆ ವಾಕ್ ಕೊಟ್ಟರೂ ಮ್ಯಾನೇಜರ್ ಕೈ ಕಟ್ಟಿದ ಹಾಗೆ. ತಡವಾದ ಚೇಸ್‌ಗೆ ಅದೇ ದೊಡ್ಡ ಬಾಗಿಲು, ಬುಲ್‌ಪೆನ್ (ಬದಲಿ ಪಿಚರ್‌ಗಳು ಸಿದ್ಧವಾಗುವ ಜಾಗ) ಕಡೆ ಕಣ್ಣಿಡಿ.

ಪಿಚ್ ಕ್ಲಾಕ್ (ಪ್ರತಿ ಎಸೆತಕ್ಕೆ ಸಮಯದ ಮಿತಿ) ಬಂದ ಮೇಲೆ ಬೇಸ್ ಖಾಲಿ ಇದ್ದರೆ ಹದಿನೈದೇ ಸೆಕೆಂಡ್. ಬಾಲ್, ಸ್ಟ್ರೈಕ್ ಎಲ್ಲಾ ಬರೆಯಲು ಹೋಗಬೇಡಿ, ಚುಕ್ಕೆ ಇಟ್ಟು ಮುಂದೆ ಹೋಗಿ. ಜೆಲ್ ಪೆನ್ ಅಂತೂ ಬೇಡವೇ ಬೇಡ, ಅಪ್ಸರಾ ಪ್ಲಾಟಿನಂ ಪೆನ್ಸಿಲ್ ಸಾಕು, ಚೆನ್ನಾಗಿ ಕಪ್ಪಗೆ ಬರೆಯುತ್ತೆ. ಮೆಕ್ಯಾನಿಕಲ್ ಪೆನ್ಸಿಲ್ ಶೋಕಿ ಸುಮ್ನೆ ದುಡ್ಡು ದಂಡ.

ಇನ್ನು ಸ್ನಾನದ ವಿಷಯ. ಅಮೆರಿಕದ ರಾತ್ರಿ ಪಂದ್ಯ ನಮಗೆ ಬೆಳಗ್ಗೆ ಬರುತ್ತೆ, ಆಫೀಸ್ ಹೊತ್ತಿಗೇ ಒಂಬತ್ತನೇ ಇನ್ನಿಂಗ್ಸ್. ಮೊದಲೇ ಸ್ನಾನ ಮುಗಿಸಿ ಕೂತುಕೊಳ್ಳಿ. ಆಗದಿದ್ದರೆ ಆಪ್‌ನಲ್ಲಿ ಸ್ಕೋರ್ ಮರೆ ಮಾಡುವ ಸೆಟ್ಟಿಂಗ್ ಹಾಕಿ, ನೋಟಿಫಿಕೇಶನ್ ಆಫ್ ಮಾಡಿ, ಸಂಜೆ ಬರೆಯಿರಿ. ಸಂಜೆ ತನಕ ಈ ಗುಂಪಿಗೂ ಬರಬೇಡಿ, ಇಲ್ಲಿ ಯಾರಿಗೂ ಬಾಯಿ ನಿಲ್ಲುವುದಿಲ್ಲ.