ಉಪ್ಪು ಹಾಕಿದ ಮೇಲೆ ಇಪ್ಪತ್ತು ನಿಮಿಷ: ಶಿಯೋಯಾಕಿ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಲ ಜಪಾನಿನ ಮನೆಯೂಟದ ಬಗ್ಗೆ ಬರೆಯುವಾಗ ಶಿಯೋಯಾಕಿ ಮೀನಿನ ಮಾತು ಎರಡೇ ಸಾಲಿನಲ್ಲಿ ಬಂದಿತ್ತು. ಶಿಯೋ ಅಂದರೆ ಉಪ್ಪು, ಯಾಕಿ ಅಂದರೆ ಸುಟ್ಟದ್ದು. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಈ ಸಂಚಿಕೆ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಅಕ್ಕಾ, ನೀವು ಬರೆದದ್ದು ಓದಿ ಅವತ್ತೇ ಬಂಗುಡೆ ತಂದೆ. ಉಪ್ಪು ಸವರಿದ ತಕ್ಷಣ ಕಾವಲಿಗೆ ಹಾಕಿದೆ. ಚರ್ಮವೆಲ್ಲಾ ಕಾವಲಿಗೇ ಅಂಟಿಕೊಂಡಿತು, ಮೀನು ನೀರು ಬಿಟ್ಟು ಬೇಯಿಸಿದ ಹಾಗಾಯಿತು, ಮನೆ ತುಂಬಾ ವಾಸನೆ. ಮಸಾಲೆ ಇಲ್ಲದಿದ್ದರೆ ಹೀಗೇನಾ?
(ಬೆಂಗಳೂರಿನಿಂದ ಒಬ್ಬ ಓದುಗರು)

ಉತ್ತರ: ಹೀಗಲ್ಲ. ನೀವು ಎಡವಿದ್ದು ‘ತಕ್ಷಣ’ ಅನ್ನುವಲ್ಲಿ ಮಾತ್ರ. ನಮಗೆ ಉಪ್ಪು ಅಂದರೆ ರುಚಿಗೆ ಅಂತಲೇ ಅಭ್ಯಾಸ. ಶಿಯೋಯಾಕಿಯಲ್ಲಿ ಉಪ್ಪಿಗೆ ರುಚಿಗಿಂತ ಮೊದಲು ಇನ್ನೊಂದು ಕೆಲಸ ಇದೆ. ಅದು ಮೀನಿನ ಮೇಲ್ಪದರದ ನೀರನ್ನು ಹೊರಗೆ ಎಳೆಯುತ್ತದೆ. ಆ ನೀರಿನ ಜೊತೆಗೇ ಹಸಿ ಮೀನಿನ ವಾಸನೆಯೂ ಬಹುಪಾಲು ಆಚೆ ಬರುತ್ತದೆ, ಮಾಂಸ ಸ್ವಲ್ಪ ಗಟ್ಟಿಯಾಗಿ ಸುಡುವಾಗ ಒಡೆಯದೆ ನಿಲ್ಲುತ್ತದೆ. ಇದಕ್ಕೆ ಸಮಯ ಬೇಕು, ಅಲ್ವಾ? ಉಪ್ಪು ಹಾಕಿದ 20 ನಿಮಿಷಕ್ಕೆ ನೋಡಿ, ಮೀನಿನ ಮೇಲೆ ಬೆವರಿನ ಹಾಗೆ ಹನಿ ಎದ್ದಿರುತ್ತದೆ. ಅದನ್ನು ಒಣ ಬಟ್ಟೆಯಿಂದಲೋ ಟಿಶ್ಯೂನಿಂದಲೋ ಪೂರ್ತಿ ಒರೆಸಿ. ಹೊಟ್ಟೆಯ ಒಳಗೂ ಒರೆಸಿ. ಇದನ್ನು ಬಿಟ್ಟರೆ ಆ ವಾಸನೆಯ ನೀರನ್ನೇ ಮೀನಿಗೆ ಮತ್ತೆ ಕುಡಿಸಿದ ಹಾಗೆ. ಒದ್ದೆ ಚರ್ಮ ಕೆಂಪಗೆ ಸುಡುವುದಿಲ್ಲ, ಹಬೆಯಲ್ಲಿ ಬೇಯುತ್ತದೆ, ಅಂಟುತ್ತದೆ. ನಿಮಗೆ ಆಗಿದ್ದು ಅದೇ.

ಎಷ್ಟು ಉಪ್ಪು ಅಂದರೆ ಮೀನಿನ ತೂಕದ ಶೇಕಡಾ 2ರಷ್ಟು ಅಂತಿಟ್ಟುಕೊಳ್ಳಿ. 150 ಗ್ರಾಂ ಬಂಗುಡೆಗೆ 3 ಗ್ರಾಂ, ಪುಡಿ ಉಪ್ಪಾದರೆ ಅರ್ಧ ಟೀ ಚಮಚ. ತಿಕ್ಕಬೇಡಿ. ಕೈಯನ್ನು ಮೀನಿನಿಂದ ಸುಮಾರು 30 ಸೆಂಟಿಮೀಟರ್ ಮೇಲೆ ಹಿಡಿದು ಬೆರಳ ಸಂದಿಯಿಂದ ಉದುರಿಸಿ. ಜಪಾನಿನ ಹಳೆಯ ಅಳತೆಯಲ್ಲಿ ಇಷ್ಟು ಎತ್ತರಕ್ಕೆ ಒಂದು ಶಾಕು ಎನ್ನುತ್ತಾರೆ, ಅದಕ್ಕೇ ಅಡುಗೆಯವರ ಬಾಯಲ್ಲಿ ಇದು ಶಾಕು ಉಪ್ಪು. ಮೇಲಿನಿಂದ ಬಿದ್ದ ಉಪ್ಪು ಎಲ್ಲಾ ಕಡೆ ಸಮನಾಗಿ ಹರಡುತ್ತದೆ, ಒಂದು ತುತ್ತು ಸಪ್ಪೆ ಒಂದು ತುತ್ತು ಉಪ್ಪು ಅಂತ ಆಗುವುದಿಲ್ಲ. ಒರೆಸಿದ ಮೇಲೆ ಸುಡುವ ಮುಂಚೆ ಇನ್ನೊಂದು ಚಿಟಿಕೆ ಉದುರಿಸಿದರೂ ಆಯಿತು.

ನಂಬಿಕೆ ಬರದಿದ್ದರೆ ಎರಡು ಬಂಗುಡೆ ತನ್ನಿ. ಒಂದನ್ನು ಒರೆಸಿ ಸುಡಿ, ಇನ್ನೊಂದನ್ನು ಒರೆಸದೆ ಸುಡಿ. ಮೂಗಿಗೇ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಜಪಾನಿನ ಸಾಬಾ ಮೀನು ಸಿಗುವುದಿಲ್ಲ. ಬಂಗುಡೆ ಆಗುತ್ತದಾ? ಅಂಜಲ್ ತುಂಡು ಹಾಕಬಹುದಾ?
(ಮೈಸೂರು)

ಉತ್ತರ: ಖಂಡಿತ ಆಗುತ್ತದೆ. ಸಾಬಾ, ಬಂಗುಡೆ ಎರಡೂ ಒಂದೇ ಬಳಗ. ಆದರೆ ಒಂದು ವ್ಯತ್ಯಾಸ ಇದೆ. ಜಪಾನಿನಲ್ಲಿ ಇವತ್ತು ತಿನ್ನುವ ಸಾಬಾದಲ್ಲಿ ದೊಡ್ಡ ಪಾಲು ನಾರ್ವೆಯಿಂದ ಬರುತ್ತದೆ, ತಣ್ಣೀರಿನ ಮೀನು, ಮೈತುಂಬಾ ಕೊಬ್ಬು, ಸುಡುವಾಗ ತನ್ನ ಎಣ್ಣೆಯಲ್ಲೇ ಚರ್ಮ ಗರಿಗರಿ ಆಗುತ್ತದೆ. ನಮ್ಮ ಬಂಗುಡೆಯಲ್ಲಿ ಅಷ್ಟು ಕೊಬ್ಬಿಲ್ಲ. ಹಾಗಾಗಿ ಚರ್ಮಕ್ಕೆ ತೆಳುವಾಗಿ ಎಣ್ಣೆ ಸವರಿ, ಸಾಬಾಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಿ.

ಅಂಜಲ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಜಪಾನಿನವರು ಇಷ್ಟಪಟ್ಟು ಸುಡುವ ಸವಾರಾ ನಮ್ಮ ಅಂಜಲಿನ ಹತ್ತಿರದ ನೆಂಟ. ನಮ್ಮ ಕಾಣೆಯ ಬಳಗದ ಕಿಸು ಎಂಬ ಮೀನನ್ನೂ ಅಲ್ಲಿ ಉಪ್ಪು ಹಾಕಿ ಸುಡುತ್ತಾರೆ. ಅಂಜಲ್ ತೆಳುವಾಗಿ ಕೊಯ್ಸಿದರೆ ಒಣಗುತ್ತದೆ, ಎರಡು ಸೆಂಟಿಮೀಟರ್ ದಪ್ಪ ಇರಲಿ. ಬೂತಾಯಿ ಸುಟ್ಟರೆ ನನಗಂತೂ ಬಂಗುಡೆಗಿಂತ ಇಷ್ಟ. ಕಾಟ್ಲಾ ಇದಕ್ಕೆ ಬೇಡ. ಮಸಾಲೆ ಇಲ್ಲದೆ ತಿಂದರೆ ಕೆಸರಿನ ರುಚಿ ಎದ್ದು ಕಾಣುತ್ತದೆ.

ಇನ್ನೊಂದು ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ದಿನಗಳಲ್ಲಿ ಒಳನಾಡಿಗೆ ಬರುವ ಸಮುದ್ರದ ಮೀನು ಎಷ್ಟು ದಿನದ್ದು ಅಂತ ಕೇಳಿಯೇ ತನ್ನಿ. ಹುಳಿ ಖಾರದ ಸಾರಿನಲ್ಲಿ ಹಳೆಯ ಮೀನು ಹೇಗೋ ನಡೆದುಹೋಗುತ್ತದೆ, ಇಲ್ಲಿ ಅದನ್ನು ಮರೆಸಲು ಏನೂ ಇಲ್ಲ.

ಪ್ರಶ್ನೆ: ಅರಿಶಿನ, ನಿಂಬೆರಸ ಹಚ್ಚದೆ ನಾವು ಮೀನು ಮಾಡಿದ್ದೇ ಇಲ್ಲ. ಸ್ವಲ್ಪ ಹಚ್ಚಿದರೆ ತಪ್ಪಾ?
(ಕುಂದಾಪುರ)

ಉತ್ತರ: ತಪ್ಪೇನಿಲ್ಲ, ಆದರೆ ಅದು ಬೇರೆ ಅಡುಗೆ ಆಗುತ್ತದೆ. ನಿಂಬೆರಸ ಮೊದಲೇ ಹಚ್ಚಿದರೆ ಹುಳಿಗೆ ಮಾಂಸದ ಮೇಲ್ಭಾಗ ಬೆಳ್ಳಗೆ ಬೆಂದ ಹಾಗಾಗುತ್ತದೆ. ನಿಂಬೆ ತಟ್ಟೆಯಲ್ಲಿರಲಿ, ತಿನ್ನುವಾಗ ಹಿಂಡಿಕೊಳ್ಳಿ. ಅಲ್ಲಿಯವರೂ ಸುದಾಚಿ, ಕಾಬೋಸು ಎಂಬ ಹಸಿರು ಹುಳಿಹಣ್ಣುಗಳನ್ನು ಹಾಗೇ ಹಿಂಡುತ್ತಾರೆ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಗ್ಯಾಸ್ ಒಲೆ, ಒಂದು ಚಿಕ್ಕ ಓಟಿಜಿ ಓವನ್ ಇದೆ. ಕೆಂಡದ ರುಚಿ ಬರಲು ಇದ್ದಿಲಿನ ಚಿಕ್ಕ ಒಲೆ ತಂದು ಅಡುಗೆಮನೆಯಲ್ಲೇ ಹಚ್ಚಬಹುದಾ?
(ಬೆಂಗಳೂರು)

ಉತ್ತರ: ದಯವಿಟ್ಟು ಬೇಡ. ಮುಚ್ಚಿದ ಮನೆಯೊಳಗೆ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ತಲೆ ಸುತ್ತುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಜಪಾನಿನಲ್ಲಿ ಶಿಚಿರಿನ್ ಎಂಬ ಚಿಕ್ಕ ಇದ್ದಿಲ ಒಲೆ ಇದೆ. ತೋಟವೋ ಅಂಗಳವೋ ಇದ್ದವರಿಗೆ ಅದು ಸರಿ.

ಮನೆಯಲ್ಲಿ ಓಟಿಜಿ ಸಾಕು. ಮೇಲಿನ ರಾಡ್ ಹಾಕಿ 230 ಡಿಗ್ರಿಗೆ ಚೆನ್ನಾಗಿ ಕಾಯಿಸಿ. ಮೀನನ್ನು ಜಾಲರಿ ಮೇಲೆ ಇಡಿ, ಟ್ರೇ ಮೇಲೆ ಇಟ್ಟರೆ ಸೋರಿದ ನೀರಲ್ಲೇ ಕೂರುತ್ತದೆ. ಕೆಳಗೆ ಟ್ರೇಗೆ ಸ್ವಲ್ಪ ನೀರು ಹಾಕಿ, ಎಣ್ಣೆ ತೊಟ್ಟಿಕ್ಕಿ ಹೊಗೆ ಏಳುವುದು ಕಡಿಮೆ ಆಗುತ್ತದೆ. ಇಡೀ ಬಂಗುಡೆಗೆ 12ರಿಂದ 15 ನಿಮಿಷ. ದಪ್ಪ ಇರುವ ಕಡೆ ಚರ್ಮಕ್ಕೆ ಎರಡು ಗೀರು ಹಾಕಿದರೆ ಶಾಖ ಒಳಗೆ ಇಳಿಯುತ್ತದೆ, ಚರ್ಮ ಎಲ್ಲೆಂದರಲ್ಲಿ ಸಿಡಿಯುವುದಿಲ್ಲ. ಜಪಾನಿ ಅಡುಗೆಯವರ ಮಾತೊಂದಿದೆ, ಬೆಂಕಿ ಜೋರಾಗಿರಬೇಕು, ಮೀನು ದೂರ ಇರಬೇಕು ಅಂತ. ಹತ್ತಿರ ಇಟ್ಟರೆ ಹೊರಗೆ ಕರಿ, ಒಳಗೆ ಹಸಿ. ಸಣ್ಣ ಉರಿಯಲ್ಲಿ ಇಟ್ಟರೆ ಸುಮ್ನೆ ಒಣಗುತ್ತದೆ.

ಕಾವಲಿಯೇ ಗತಿ ಅನ್ನುವವರು ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ, ಹೊರಗೆ ಚಾಚಿದರೆ ಬೆಂಕಿ ಹತ್ತುತ್ತದೆ, ಅಂಚು ಕತ್ತರಿಸಿ. ಸೀಳಿದ ಮೀನನ್ನು ಚರ್ಮ ಕೆಳಗಾಗಿ ಇಟ್ಟು ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಮುಟ್ಟದೆ ಬಿಡಿ. ಬಿಟ್ಟ ಎಣ್ಣೆ ಒರೆಸಿ, ಒಮ್ಮೆ ಮಾತ್ರ ಮಗುಚಿ, ಇನ್ನು ಮೂರು ನಿಮಿಷ. ಜಪಾನಿನ ಎಷ್ಟೋ ಮನೆಗಳಲ್ಲಿ ಈಗ ಹೀಗೇ ಮಾಡುತ್ತಾರೆ.

ಪ್ರಶ್ನೆ: ಸುಟ್ಟ ಬಂಗುಡೆ ತಿಂದ ಅರ್ಧ ಗಂಟೆಗೆ ನಮ್ಮ ಮನೆಯವರಿಗೆ ಮುಖ ಕೆಂಪಾಗಿ, ಮೈಯೆಲ್ಲಾ ತುರಿಕೆ, ತಲೆನೋವು. ಚೆನ್ನಾಗಿಯೇ ಬೆಂದಿತ್ತು. ಅವರಿಗೆ ಮೀನು ಆಗಿಬರಲ್ಲ ಅಂತಲಾ? ಹಿಂದೆ ಎಷ್ಟೋ ಸಲ ತಿಂದಿದ್ದಾರೆ.
(ಹುಬ್ಬಳ್ಳಿ)

ಉತ್ತರ: ಮೊದಲು ಡಾಕ್ಟರಿಗೆ ತೋರಿಸಿ, ಅಲರ್ಜಿಯೋ ಅಲ್ಲವೋ ಅವರೇ ಹೇಳಬೇಕು. ಉಸಿರಾಟಕ್ಕೆ ತೊಂದರೆ ಆದರಂತೂ ಒಂದು ನಿಮಿಷವೂ ಕಾಯಬೇಡಿ. ಆದರೆ ಈ ವಿಷಯ ಎಲ್ಲರಿಗೂ ಗೊತ್ತಿರಬೇಕು. ಬಂಗುಡೆ, ಬೂತಾಯಿ, ಸಾಬಾ, ಟ್ಯೂನಾ ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಮೀನು ಬಿಸಿಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ನೀವು ಹೇಳಿದ ಲಕ್ಷಣಗಳೆಲ್ಲಾ ಹಿಸ್ಟಮಿನ್‌ನಿಂದ ಬರುತ್ತವೆ. ಒಮ್ಮೆ ಅದು ಹುಟ್ಟಿದರೆ ಎಷ್ಟು ಸುಟ್ಟರೂ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ವಾಸನೆಯಲ್ಲಿ ಗೊತ್ತಾಗದೆಯೂ ಇರಬಹುದು. ಬಾಯಿಗಿಟ್ಟಾಗ ನಾಲಿಗೆ ಚುರುಚುರು ಅಂದರೆ ಅಲ್ಲೇ ಉಗುಳಿ, ತಟ್ಟೆ ಪಕ್ಕಕ್ಕೆ ಇಡಿ.

ಅದಕ್ಕೇ ಮೀನು ತಂದ ಮೇಲೆ ಸಿಂಕಿನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಕಿವಿರು, ಕರುಳು ತೆಗೆದು, ತೊಳೆದು ಫ್ರಿಜ್ಜಿಗೆ ಇಡಿ. ಉಪ್ಪು ಹಾಕಿ ಕಾಯುವ 20 ನಿಮಿಷವೂ ನಮ್ಮ ಸೆಕೆಗೆ ಫ್ರಿಜ್ಜಿನಲ್ಲೇ ಆಗಲಿ. ಮಾರುಕಟ್ಟೆಯಲ್ಲಿ ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಹರಡಿದ ಬಂಗುಡೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಪ್ರಶ್ನೆ: ನಾವು ನಾಗೊಯಾದಲ್ಲಿದ್ದೇವೆ. ಮಗುವಿಗೆ 100 ದಿನ ಆಗುತ್ತಿದೆ. ಪಕ್ಕದ ಮನೆಯವರು ಇಡೀ ತಾಯ್ (ಸೀ ಬ್ರೀಮ್) ಮೀನು ಸುಟ್ಟು ಮಗುವಿನ ಮುಂದೆ ಇಡಿ ಅನ್ನುತ್ತಿದ್ದಾರೆ. ಇದು ಏನು? ಒಲೆಯ ಕೆಳಗಿನ ಚಿಕ್ಕ ಗ್ರಿಲ್‌ನಲ್ಲಿ ಬಾಲ ಸುಟ್ಟು ಕರಕಲಾಗುತ್ತದೆ.
(ಜಪಾನಿನಿಂದ)

ಉತ್ತರ: ಮಗುವಿಗೆ ಒಳ್ಳೆಯದಾಗಲಿ! ಇದಕ್ಕೆ ಓಕುಇಜೊಮೆ ಎನ್ನುತ್ತಾರೆ, ನಮ್ಮ ಅನ್ನಪ್ರಾಶನದ ಹಾಗೆ. ಮಗುವಿಗೆ ತಿನ್ನಿಸಿದಂತೆ ಮಾಡುತ್ತಾರೆ ಅಷ್ಟೇ, ಇನ್ನೂ ಹಲ್ಲೇ ಬಂದಿಲ್ಲವಲ್ಲ. ಮೆದೆತಾಯ್ ಅಂದರೆ ಜಪಾನಿಯಲ್ಲಿ ಶುಭ ಅಂತ, ಅದರಲ್ಲಿ ತಾಯ್ ಎಂಬ ಸದ್ದು ಇದೆ. ಅದಕ್ಕೇ ಆ ಮೀನು, ಅದೂ ತಲೆ ಬಾಲ ಮುರಿಯದೆ.

ಬಾಲಕ್ಕೆ ಉಪಾಯ ಇದೆ. ಬಾಲವನ್ನೂ ರೆಕ್ಕೆಗಳನ್ನೂ ಒದ್ದೆ ಮಾಡಿ ಬೆರಳಲ್ಲಿ ಉಪ್ಪನ್ನು ದಪ್ಪಕ್ಕೆ ಮೆತ್ತಿ. ಕೆಶೋಜಿಯೋ, ಅಂದರೆ ಅಲಂಕಾರದ ಉಪ್ಪು, ಅಂತಲೇ ಇದಕ್ಕೆ ಹೆಸರು. ಬೆಂಕಿ ಮೊದಲು ಉಪ್ಪಿಗೆ ತಾಗುತ್ತದೆ, ರೆಕ್ಕೆ ಉಳಿಯುತ್ತದೆ, ಬೆಳ್ಳಗೆ ಚೆಂದವಾಗಿಯೂ ಕಾಣುತ್ತದೆ. ಆಮೇಲೂ ಕರಿಯಾಗುತ್ತಿದ್ದರೆ ಬಾಲಕ್ಕಷ್ಟೇ ಫಾಯಿಲ್ ಸುತ್ತಿ. ತಟ್ಟೆಯಲ್ಲಿ ಇಡುವಾಗ ತಲೆ ಎಡಕ್ಕೆ, ಹೊಟ್ಟೆ ನಿಮ್ಮ ಕಡೆಗೆ. ನಾಗೊಯಾದಲ್ಲೇ ಇದ್ದೀರಿ, ಶರತ್ಕಾಲದಲ್ಲಿ ಸಾನ್ಮಾ ಎಂಬ ಮೀನು ಬಂದಾಗ ಅದನ್ನೂ ಸುಟ್ಟು ನೋಡಿ. ಈಚಿನ ವರ್ಷಗಳಲ್ಲಿ ಹಿಡಿಯುವುದು ಕಡಿಮೆಯಾಗಿ ಬೆಲೆ ಏರಿದೆ, ಆದರೂ ಬಿಡಬೇಡಿ. ಅದಕ್ಕೆ ಜಠರವೇ ಇಲ್ಲ, ತಿಂದದ್ದು ಒಳಗೆ ನಿಲ್ಲುವುದಿಲ್ಲ, ಹಾಗಾಗಿ ಕರುಳನ್ನೂ ತೆಗೆಯದೆ ಸುಟ್ಟು ಆ ಕಹಿಯನ್ನು ಇಷ್ಟಪಟ್ಟು ತಿನ್ನುವವರು ಬಹಳ ಮಂದಿ.

ಪ್ರಶ್ನೆ: ಶಿಯೋಯಾಕಿ ಮೀನಿನ ಜೊತೆಗೆ ಇಡುವ ಬಿಳಿ ತುರಿ ಏನು?
(ಶಿವಮೊಗ್ಗ)

ಉತ್ತರ: ಮೂಲಂಗಿ. ನಮ್ಮ ಮೂಲಂಗಿಗೆ ಖಾರ ಜಾಸ್ತಿ, ಎಲೆಯ ಹತ್ತಿರದ ಸಿಹಿ ಭಾಗವನ್ನೇ ನುಣ್ಣಗೆ ತುರಿಯಿರಿ. ನೀರು ಮೆಲ್ಲಗೆ ಹಿಂಡಿ, ಪೂರ್ತಿ ಒಣಗಿಸಬೇಡಿ. ಎರಡು ತೊಟ್ಟು ಸೋಯಾ ಸಾಸ್ ಮೀನಿನ ಮೇಲಲ್ಲ, ಈ ತುರಿಯ ಮೇಲೆ. ಮೀನಿನ ಒಂದು ತುಂಡಿನ ಜೊತೆ ಚಿಟಿಕೆ ತುರಿ, ಆಮೇಲೆ ಬಿಸಿ ಅನ್ನ. ಮೇಲಿನ ಬದಿ ಮುಗಿದ ಮೇಲೆ ಮೀನನ್ನು ಮಗುಚಬೇಡಿ, ನಡುಮುಳ್ಳನ್ನು ತಲೆಯ ಸಮೇತ ಎತ್ತಿ ಪಕ್ಕಕ್ಕಿಟ್ಟರೆ ಕೆಳಗಿನ ಬದಿ ಹಾಗೇ ಸಿಗುತ್ತದೆ.