ಆರೋಗ್ಯ ಜಾಗೃತಿಗೆ ಅಂತ ಒಂದೊಂದು ತಿಂಗಳು ಆಚರಿಸುತ್ತಾರಲ್ಲ, ಅದರಿಂದ ಏನು ಪ್ರಯೋಜನ?

ಖಂಡಿತ ಪ್ರಯೋಜನ ಇದೆ. ಆ ತಿಂಗಳುಗಳನ್ನು ಸುಮ್ನೆ ಆರಿಸಿಲ್ಲ. ನಮ್ಮ ದೇಶದಲ್ಲಿ ಜೂನ್ ಮಲೇರಿಯಾ ವಿರೋಧಿ ಮಾಸ, ಜುಲೈ ಡೆಂಗಿ ವಿರೋಧಿ ಮಾಸ. ಮಳೆ ಹಿಡಿಯುವ ಹೊತ್ತು ಅಲ್ವಾ? ಸೊಳ್ಳೆ ಹೆಚ್ಚುವ ಮೊದಲೇ ಎಚ್ಚರಿಸಬೇಕು.

ಒಂದು ಜುಲೈನಲ್ಲಿ ಮಂಡ್ಯದ ನಮ್ಮ ಬೀದಿಗೆ ಆಶಾ ಕಾರ್ಯಕರ್ತೆ ಬಂದಿದ್ದರು. ಬಚ್ಚಲ ಪಕ್ಕದ ಡ್ರಮ್ಮಿಗೆ ಟಾರ್ಚ್ ಬಿಟ್ಟು, "ಅಕ್ಕ, ಇಲ್ಲಿ ನೋಡಿ" ಅಂದರು. ತಿಳಿ ನೀರಲ್ಲಿ ಕೂದಲೆಳೆಯಂಥ ಹುಳುಗಳು ತಲೆಕೆಳಗಾಗಿ ಕುಣಿಯುತ್ತಿದ್ದವು! ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಂಥ ನೀರೇ ಬೇಕು. ಹಿತ್ತಲಿಗೆ ಎಸೆದ ಎಳನೀರು ಬುರುಡೆಯೂ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 8–10 ದಿನ ಹಿಡಿಯುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ಅನ್ನೋದು ಅದಕ್ಕೇ. ಬರೀ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಚೆನ್ನಾಗಿ ತಿಕ್ಕಬೇಕು. ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಅವತ್ತಿನವರೆಗೆ ಇದು ನನಗೆ ಗೊತ್ತೇ ಇರಲಿಲ್ಲ.

ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು. 1985ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ನಮ್ಮ ಕಡೆಗೆ ಇದು ಇನ್ನೂ ಜಾಸ್ತಿ ಬೇಕು ಅನ್ನಿಸುತ್ತದೆ. ಗಂಟು ಕೈಗೆ ಸಿಕ್ಕರೂ ಎಷ್ಟೋ ಹೆಂಗಸರು ನಾಚಿಕೆಗೆ ಬಾಯಿ ಬಿಡುವುದಿಲ್ಲ, ನೋವಿಲ್ಲವಲ್ಲ ಅಂತ ಸುಮ್ಮನಾಗುತ್ತಾರೆ. ನೋವಿಲ್ಲದ ಗಂಟನ್ನೂ ಡಾಕ್ಟರಿಗೆ ತೋರಿಸಲೇಬೇಕು.