ಬಿಸಿಎಎ ಪುಡಿ: ಸ್ವಿಚ್ ಒತ್ತಿದರೆ ಸ್ನಾಯು ಬೆಳೆಯುತ್ತದಾ?

ಪ್ರಶ್ನೆ: ಮಗನಿಗೆ 19 ವರ್ಷ, ಜಿಮ್‌ಗೆ ಹೋಗ್ತಾನೆ. ಲ್ಯೂಸಿನ್ ಸ್ನಾಯು ಬೆಳೆಯುವ ಸ್ವಿಚ್ ಒತ್ತುತ್ತದಂತೆ, ಅದಕ್ಕೇ ಲ್ಯೂಸಿನ್ ಇರುವ ಬಿಸಿಎಎ ಪುಡಿ ಬೇಕೇ ಬೇಕು ಅಂತಾರೆ ಅವನ ಟ್ರೇನರ್. ಕೊಡಿಸಬಹುದಾ?
- ಒಬ್ಬ ತಾಯಿ, ಹುಬ್ಬಳ್ಳಿ

ಬೇಡಮ್ಮ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, ಅರ್ಧ ನಿಜ ಹೇಳಿ ಡಬ್ಬಿ ಮಾರುವವರ ಮೇಲೆ.

ಸ್ವಿಚ್ ಇರುವುದು ನಿಜ. ಅದರ ಹೆಸರು ಎಂಟಾರ್, ಜೀವಕೋಶದೊಳಗಿನ ಒಂದು ಪ್ರೋಟೀನ್. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ರಾಪಮೈಸಿನ್ ಎಂಬ ಔಷಧಿ ಸಿಕ್ಕಿತು. ಅದು ಜೀವಕೋಶದಲ್ಲಿ ಏನನ್ನು ತಡೆಯುತ್ತದೆ ಎಂದು ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಎಂಟಾರ್. ಲ್ಯೂಸಿನ್ ಅಂದರೆ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಒಂದು. ಅದು ಇಲ್ಲದಾಗ ಸೆಸ್ಟ್ರಿನ್-2 ಎಂಬ ಪ್ರೋಟೀನ್ ಈ ಸ್ವಿಚ್ ಆನ್ ಆಗಲು ಬಿಡುವುದಿಲ್ಲ. ಲ್ಯೂಸಿನ್ ಬಂದು ಅದಕ್ಕೆ ಅಂಟಿಕೊಂಡರೆ ತಡೆ ಸಡಿಲವಾಗಿ, ಪ್ರೋಟೀನ್ ಕಟ್ಟುವ ಕೆಲಸ ಶುರುವಾಗುತ್ತದೆ. ಲ್ಯಾಬ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಒಂದು ಗಂಟೆ ಲ್ಯೂಸಿನ್ ಕೊಡದಿದ್ದರೆ, ಸ್ವಿಚ್ ಆನ್ ಆಗಿದೆ ಎಂದು ತೋರಿಸುವ ಕಪ್ಪು ಪಟ್ಟೆ ಫಿಲ್ಮ್ ಮೇಲೆ ಮಾಯವಾಗುತ್ತದೆ. ವಾಪಸ್ ಕೊಟ್ಟು ಹತ್ತು ನಿಮಿಷ ಬಿಟ್ಟರೆ ದಟ್ಟವಾಗಿ ಮೂಡುತ್ತದೆ. ಮೊದಲ ಸಲ ಆ ಪಟ್ಟೆ ಕಂಡಾಗ ಡಾರ್ಕ್‌ರೂಮಿನಲ್ಲೇ ಖುಷಿಯಿಂದ ಕೂಗಿದ್ದೆ.

ಆದರೆ ಕಟ್ಟೋದಕ್ಕೆ ಸಾಮಾನು ಬೇಕಲ್ವಾ? ನಮ್ಮ ದೇಹ ತಾನೇ ಮಾಡಿಕೊಳ್ಳಲಾಗದ ಅಮೈನೋ ಆಮ್ಲಗಳು ಒಂಬತ್ತು. ಬಿಸಿಎಎ ಡಬ್ಬಿಯಲ್ಲಿ ಇರುವುದು ಮೂರೇ: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಉಳಿದ ಆರರಲ್ಲಿ ಒಂದು ಕಡಿಮೆ ಬಿದ್ದರೂ ಅದನ್ನು ಹೊತ್ತು ತರಬೇಕಾದ ಟಿಆರ್‌ಎನ್‌ಎ ಎಂಬ ಅಣು ಬರಿಗೈಯಲ್ಲಿ ನಿಲ್ಲುತ್ತದೆ. ಅದನ್ನು ಜಿಸಿಎನ್2 ಎಂಬ ಇನ್ನೊಂದು ಕಾವಲುಗಾರ ಪ್ರೋಟೀನ್ ಗುರುತಿಸಿ, ಕಟ್ಟುವ ಕೆಲಸವನ್ನೇ ತಗ್ಗಿಸುತ್ತದೆ. ಬರೀ ಹೊಟ್ಟೆಯಲ್ಲಿ ಪುಡಿ ಕುಡಿದರೆ ಆ ಆರನ್ನು ದೇಹ ತನ್ನ ಪ್ರೋಟೀನನ್ನೇ ಒಡೆದು ತರಬೇಕು. ಸ್ನಾಯುವೂ ಅದರಲ್ಲಿ ಸೇರಿದೆ! ಚೆನ್ನಾಗಿ ಊಟ ಮಾಡಿದ್ದರೆ ಲ್ಯೂಸಿನ್ ಊಟದಲ್ಲೇ ಬಂದಿರುತ್ತದೆ. ಎರಡೂ ಕಡೆ ಪುಡಿಗೆ ಕೆಲಸವಿಲ್ಲ.

ಅದೇ ದುಡ್ಡಿಗೆ ಮೊಟ್ಟೆ, ಹಾಲು, ಬೇಳೆ ತನ್ನಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ. ಒಂಬತ್ತೂ ಅದರಲ್ಲೇ ಇವೆ.

"ಅಮೈನೋ ಆಮ್ಲ ನೈಸರ್ಗಿಕ, ಎಷ್ಟು ತಿಂದರೂ ಏನೂ ಆಗಲ್ಲ" ಎನ್ನುವವರನ್ನು ನಂಬಬೇಡಿ. 1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದ ಮಾತ್ರೆ ತಿಂದ 1500ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಹಲವರು ಸತ್ತರು. ತಯಾರಿಕೆಯಲ್ಲಿ ಸೇರಿದ್ದ ಕಲ್ಮಶದ ಮೇಲೆ ಅನುಮಾನ ಬಂತು. ಅದಕ್ಕೇ ನಮ್ಮ ಮನೆಗೆ ನಾನು ಇಂಥ ಡಬ್ಬಿ ತಂದಿಲ್ಲ.

ಪ್ರಶ್ನೆ: ಮದುವೆಗೆ ಮುಂಚೆ ಬೆಳ್ಳಗಾಗಲು ಗ್ಲುಟಾಥಯೋನ್ ಡ್ರಿಪ್ ಹಾಕಿಸಿಕೊಳ್ಳಲಾ?

ಬೇಡ. ಮೂರು ಅಮೈನೋ ಆಮ್ಲ ಸೇರಿ ಆಗುವ ಇದನ್ನು ನಿಮ್ಮ ಲಿವರ್ ದಿನವೂ ಮಾಡಿಕೊಳ್ಳುತ್ತಿದೆ. ಬಣ್ಣದ ಆಸೆ ತೋರಿಸಿ ನರಕ್ಕೆ ಸೂಜಿ ಚುಚ್ಚುವವರ ಹತ್ತಿರ ಹೋಗಲೇಬೇಡಿ.

ಪ್ರಶ್ನೆ: ಕೊಲಾಜೆನ್ ಪುಡಿಯನ್ನು ದಿನದ ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬಹುದಾ?

ಅದರಲ್ಲಿ ಆ ಒಂಬತ್ತರಲ್ಲಿ ಒಂದಾದ ಟ್ರಿಪ್ಟೊಫ್ಯಾನ್ ಇಲ್ಲವೇ ಇಲ್ಲ. ಹಿಡಿಯಬೇಡಿ.

ಪ್ರಶ್ನೆ: ಮುದ್ದೆ, ಬೇಳೆ ಸಾರು ಒಂದೇ ಊಟದಲ್ಲಿ ತಿನ್ನಲೇಬೇಕಾ?

ಆ ಒಂಬತ್ತರಲ್ಲಿ ಇನ್ನೊಂದಾದ ಲೈಸಿನ್ ರಾಗಿಯಲ್ಲಿ ಕಡಿಮೆ, ಬೇಳೆಯಲ್ಲಿ ಜಾಸ್ತಿ. ಒಂದೇ ದಿನದಲ್ಲಿ ಎರಡೂ ಹೊಟ್ಟೆಗೆ ಬಿದ್ದರೆ ಸಾಕು. ಮಧ್ಯಾಹ್ನ ಮುದ್ದೆ, ರಾತ್ರಿ ಬೇಳೆ ಸಾರು ಆದರೂ ನಡೆಯುತ್ತದೆ.